ಮೊದಲ ಸಾಲು ಸಮುದ್ರಕ್ಕೆ

ಒಂದು ಸಂಜೆ ದಾಸವಾಳದ ಎಲೆ ಕಿತ್ತು ನೆಕ್ಕಿ ನೋಡಿದೆ. ನಗಬೇಡಿ. ಆ ಗಿಡ ಯಾಕೆ ಸಾಯುತ್ತಿದೆ ಅಂತ ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಮೊದಲು ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಆಮೇಲೆ ಅಂಚಿನ ಉದ್ದಕ್ಕೂ ಸುಟ್ಟ ಕಾಗದದ ಹಾಗೆ ಮುರುಟುತ್ತಿತ್ತು, ಕೊನೆಗೆ ಮೊಗ್ಗು ಕೂಡ ಬಿರಿಯದೆ ಉದುರುತ್ತಿತ್ತು. ರೋಗ ಇರಬೇಕು ಅಂದುಕೊಂಡು ಬೇವಿನೆಣ್ಣೆ ಹೊಡೆದೆ. ಹೊಟ್ಟೆಗಿಲ್ಲದೆ ಹೀಗಾಗಿರಬೇಕು ಅಂದುಕೊಂಡು ಗೊಬ್ಬರ ಹಾಕಿದೆ. ಇನ್ನೂ ಸೊರಗಿತು. ಆ ಸಂಜೆ ಸುಮ್ನೆ ಗಿಡಕ್ಕೆ ಒಂದು ಸುತ್ತು ಬಂದಾಗ ಕಣ್ಣಿಗೆ ಬಿತ್ತು: ಸುಟ್ಟಿದ್ದೆಲ್ಲ ಸಮುದ್ರದ ಕಡೆ ಮುಖ ಮಾಡಿದ ಎಲೆಗಳು. ಮನೆ ಕಡೆಗಿದ್ದ ಅರ್ಧ ಗಿಡ ಹಸಿರಾಗೇ ಇತ್ತು. ರೋಗಕ್ಕೆ ದಿಕ್ಕು ಗೊತ್ತಿರುವುದಿಲ್ಲ ಅಲ್ವಾ? ಎಲೆ ಕಿತ್ತು ನಾಲಿಗೆಗೆ ತಾಗಿಸಿದೆ. ಉಪ್ಪು.

ಎಣ್ಣೆ ಹೊಡೆದು ತಿಂಗಳಾಗಿತ್ತು, ಹಾಗಾಗಿ ನನಗೇನೂ ಆಗಲಿಲ್ಲ.

ಅಲೆ ಬಂದು ಮುಟ್ಟುವ ಜಾಗಕ್ಕೂ ನಮ್ಮ ಅಂಗಳಕ್ಕೂ ನಡುವೆ ಸುಮಾರು 150 ಹೆಜ್ಜೆ. ಈ ಮನೆಗೆ ಬಂದಾಗ ಖುಷಿಯಲ್ಲಿ ಏನೇನು ನೆಟ್ಟೆ ಅಂತ ಈಗ ನೆನೆದರೆ ನಗು ಬರುತ್ತದೆ. ಗುಲಾಬಿ, ಮಲ್ಲಿಗೆ, ಡೇಲಿಯಾ, ತೆಳು ಎಲೆಯ ಜರೀಗಿಡಗಳು. ನರ್ಸರಿಯಲ್ಲಿ ಚೆಂದ ಕಂಡಿದ್ದನ್ನೆಲ್ಲ ತಂದು, ಸಮುದ್ರದ ಎದುರಿಗೇ ಸಾಲಾಗಿ ನಿಲ್ಲಿಸಿದ್ದೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಹೋಗಿದ್ದವು. ಆಮೇಲಿನ ಐದು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡಲತೀರದಲ್ಲಿ ತೋಟ ಮಾಡಲು ಹೊರಟವರು ನನ್ನಷ್ಟು ಗಿಡ ಕೊಲ್ಲಬೇಕಾಗಿಲ್ಲ.

ಮೊದಲು ಈ ಉಪ್ಪು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲೆ ಒಡೆದಾಗ ನೊರೆ ಏಳುತ್ತದೆ, ನೊರೆಯ ಗುಳ್ಳೆಗಳು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಮೇಲಕ್ಕೆ ಚಿಮ್ಮುತ್ತವೆ, ಗಾಳಿ ಅವನ್ನು ಎತ್ತಿಕೊಂಡು ಬಂದು ಮೊದಲು ಎದುರಾದ ಎಲೆಯ ಮೇಲೆ ಇಳಿಸುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಇನ್ನಷ್ಟು. ಗಾಳಿಗೆ ಎಲೆಗಳು ಒಂದಕ್ಕೊಂದು ಉಜ್ಜಿ ಸಣ್ಣ ಸಣ್ಣ ಗೀರು ಬಿದ್ದಿರುತ್ತವೆ. ಆ ಗೀರುಗಳೇ ಬಾಗಿಲು. ಒಳಗೆ ಹೋದ ಕ್ಲೋರೈಡ್ ಎಲೆಯ ತುದಿ, ಅಂಚುಗಳಲ್ಲಿ ಸೇರಿಕೊಂಡು ಅಲ್ಲಿಂದ ಸುಡಲು ಶುರು ಮಾಡುತ್ತದೆ.

ಇದು ಮೇಲಿನ ದಾರಿ. ಇನ್ನೊಂದು ಕೆಳಗಿನದು. ಮಣ್ಣಿಗೆ ಸೇರಿದ ಉಪ್ಪು ಬೇರಿನ ಬಾಯಿಯಿಂದಲೇ ನೀರು ಕಸಿಯುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಮಣ್ಣು ಒದ್ದೆಯಾಗಿಯೇ ಇರುತ್ತದೆ, ಗಿಡ ಮಾತ್ರ ಬಾಯಾರಿ ಬಾಡುತ್ತದೆ. ನಾವು ಇನ್ನಷ್ಟು ಗೊಬ್ಬರ ಹಾಕುತ್ತೇವೆ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ. ದಾಸವಾಳದ ಗಾಯಕ್ಕೆ ನಾನೇ ಉಪ್ಪು ಸವರಿದ್ದೆ!

ಇನ್ನೊಂದು ವಿಷಯ ನೋಡುತ್ತಾ ನೋಡುತ್ತಾ ಗೊತ್ತಾಯಿತು. ಜೋರು ಮಳೆ ಜೊತೆಗೆ ಬರುವ ಬಿರುಗಾಳಿಗೆ ಕೊಂಬೆ ಮುರಿಯುತ್ತದೆ, ಆದರೆ ಎಲೆ ಅಷ್ಟು ಸುಡುವುದಿಲ್ಲ. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಹನಿ ಮಳೆ ಇಲ್ಲದೆ ಮೂರು ನಾಲ್ಕು ದಿನ ಒಂದೇ ಸಮ ಬೀಸುವ ಒಣ ಗಾಳಿ ಇದೆಯಲ್ಲ, ಅದೇ ಕೊಲೆಗಾರ. ಆಕಾಶ ನೀಲಿಯಾಗಿರುತ್ತದೆ, ನಮಗೆ ಹಾಯೆನಿಸುತ್ತದೆ, ಗಿಡ ಸುಮ್ಮನೆ ಸುಡುತ್ತಿರುತ್ತದೆ. ಈಗ ಅಂಥ ಗಾಳಿ ನಿಂತ ದಿನ ಸಂಜೆಯೇ ಸಿಹಿನೀರಿನ ಪೈಪ್ ಹಿಡಿದು ಗಿಡಗಳಿಗೆ ತಲೆಸ್ನಾನ ಮಾಡಿಸುತ್ತೇನೆ. ಎಲೆಯ ಅಡಿಭಾಗಕ್ಕೂ. ಇಡೀ ವರ್ಷದಲ್ಲಿ ಮಾಡುವ ಅತಿ ಉಪಯೋಗದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಉಪ್ಪುಗಾಳಿ ಅಂತ ಗೊತ್ತಾದ ಕೂಡಲೇ ನಾನು ಮಾಡಿದ್ದು ಗೋಡೆ ಕಟ್ಟಿಸಿದ್ದು. ಎರಡು ಮೀಟರ್ ಎತ್ತರ, ಗಟ್ಟಿ ಇಟ್ಟಿಗೆ ಗೋಡೆ. ಗಾಳಿ ಇನ್ನು ಹೇಗೆ ಬರುತ್ತದೋ ನೋಡೋಣ ಅಂತ ಅದರ ಹಿಂದೆ ಹೊಸ ಗಿಡಗಳನ್ನು ನೆಟ್ಟೆ. ಗೋಡೆಗೆ ಅಂಟಿಕೊಂಡಂತೆ ಇದ್ದವು ಪರವಾಗಿಲ್ಲ, ಬದುಕಿದವು. ಅಲ್ಲಿಂದ ಐದಾರು ಹೆಜ್ಜೆ ಆಚೆ ಇದ್ದವು ಮೊದಲಿಗಿಂತ ಬೇಗ ಸತ್ತವು. ತಲೆಬುಡ ತಿಳಿಯಲಿಲ್ಲ. ಒಂದು ದಿನ ಮಧ್ಯಾಹ್ನ ಗಾಳಿ ಜೋರಾಗಿದ್ದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಡಿದೆ. ಒಣ ಎಲೆಗಳು ಗೋಡೆಯ ತಲೆಯ ಮೇಲಿಂದ ಹಾರಿ ಬಂದು, ಮುಂದಕ್ಕೆ ಹೋಗದೆ, ಧಡಕ್ಕನೆ ಕೆಳಗೆ ಬಿದ್ದು ಅಲ್ಲೇ ಗಿರಗಿರ ಸುತ್ತುತ್ತಿದ್ದವು. ಸುತ್ತಿ ಸುತ್ತಿ ಗೋಡೆಯ ಕಡೆಗೇ ವಾಪಸ್ ಬರುತ್ತಿದ್ದವು. ಗಾಳಿಯನ್ನು ಪೂರ್ತಿ ತಡೆದರೆ ಅದು ನಿಲ್ಲುವುದಿಲ್ಲ, ಹಾರುತ್ತದೆ. ಹಾರಿದ ಮೇಲೆ ಇಳಿಯಲೇಬೇಕು. ಅದು ಇಳಿಯುತ್ತಿದ್ದ ಜಾಗದಲ್ಲೇ ನಾನು ಪಾತಿ ಮಾಡಿದ್ದೆ.

ಗಾಳಿತಡೆಯ ಗುಟ್ಟು ಇಷ್ಟೇ: ಅರ್ಧ ತಡೆಯಬೇಕು, ಅರ್ಧ ಬಿಡಬೇಕು. ಹತ್ತಿರ ಹತ್ತಿರ ಅರ್ಧದಷ್ಟು ಸಂದಿ ಇರುವ ಬೇಲಿ ಗಾಳಿಯನ್ನು ಸೋಸುತ್ತದೆ. ವೇಗ ಕಡಿಮೆಯಾಗುತ್ತದೆ, ಸುಳಿ ಏಳುವುದಿಲ್ಲ, ಉಪ್ಪಿನ ಹನಿಗಳಲ್ಲಿ ಬಹಳಷ್ಟು ಆ ಬೇಲಿಯ ಎಲೆಗಳಿಗೇ ಅಂಟಿಕೊಂಡು ಉಳಿಯುತ್ತವೆ. ಅಂಥ ಬೇಲಿಯ ಆಸರೆ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಚೆನ್ನಾಗಿ ಸಿಗುತ್ತದೆ. ಎರಡು ಮೀಟರ್ ಎತ್ತರದ ಬೇಲಿ ಅಂದರೆ ಹಿಂದೆ 20 ಮೀಟರ್. ಸಣ್ಣ ತೋಟಕ್ಕೆ ಇನ್ನೇನು ಬೇಕು? ಬೇಲಿ ಉದ್ದಕ್ಕೂ ಒಂದೇ ಸಮ ಇರಬೇಕು ಅಷ್ಟೇ. ನಡುವೆ ಒಂದು ದೊಡ್ಡ ಸಂದಿ ಬಿಟ್ಟರೆ ಗಾಳಿಯೆಲ್ಲ ಅಲ್ಲಿ ನುಗ್ಗುತ್ತದೆ, ಬಯಲಿಗಿಂತ ಜೋರಾಗಿ.

ಗೋಡೆಯನ್ನು ಒಡೆಸಲಿಲ್ಲ. ದುಡ್ಡು ಹಾಕಿ ಕಟ್ಟಿಸಿದ್ದನ್ನು ದುಡ್ಡು ಕೊಟ್ಟು ಒಡೆಸಲು ಮನಸ್ಸು ಬರಲಿಲ್ಲ. ಅಲ್ಲಲ್ಲಿ ಇಟ್ಟಿಗೆ ತೆಗೆಸಿ ಜಾಲರಿಯ ಹಾಗೆ ಮಾಡಿಸಿದೆ. ನೋಡಲು ಮೊದಲಿಗಿಂತ ಚೆನ್ನಾಗಿಯೇ ಇದೆ.

ಆಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಹಳೆ ಬೆಡ್‌ಶೀಟ್ ಹರಿದು ಪಟ್ಟಿ ಪಟ್ಟಿ ಮಾಡಿ, ಹನ್ನೆರಡು ಕೋಲುಗಳಿಗೆ ಕಟ್ಟಿ ಅಂಗಳದ ಉದ್ದಗಲಕ್ಕೂ ಊರಿದೆ. ನನ್ನ ತಂಗಿ ಬಂದವಳು ನೋಡಿ, ‘ಅಕ್ಕಾ, ಇದೇನು ತೋಟವೋ, ಬಟ್ಟೆ ಒಣಗಿಸೋ ಜಾಗವೋ?’ ಅಂದಳು. ನಗಲಿ ಬಿಡಿ. ಒಂದು ವರ್ಷ ಅವನ್ನು ಹಾಗೇ ಬಿಟ್ಟೆ. ಯಾವ ತಿಂಗಳು ಯಾವ ಕಡೆಯಿಂದ ಗಾಳಿ, ಬೆಳಗ್ಗೆ ಹೇಗೆ, ಮಧ್ಯಾಹ್ನ ಹೇಗೆ, ಮನೆಯ ಮೂಲೆಗೆ ಬಡಿದು ಎಲ್ಲಿ ತಿರುಗುತ್ತದೆ ಅಂತ ಆ ಪಟ್ಟಿಗಳು ಹೇಳಿಕೊಟ್ಟವು. ಬೆಳಗ್ಗೆ ನೆಲದಿಂದ ಸಮುದ್ರಕ್ಕೆ ಮೆಲ್ಲಗೆ, ಬಿಸಿಲೇರಿದ ಮೇಲೆ ಸಮುದ್ರದಿಂದ ನೆಲಕ್ಕೆ ಜೋರಾಗಿ. ಇದು ಶಾಲೆಯಲ್ಲಿ ಓದಿದ ಪಾಠವೇ. ಆದರೆ ಏಳನೇ ಕೋಲಿನ ಬಟ್ಟೆ ಮಾತ್ರ ಆರು ವಾರದಲ್ಲೇ ಚಿಂದಿಯಾದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮನೆಗೂ ಶೆಡ್ಡಿಗೂ ನಡುವಿನ ಓಣಿಯ ಬಾಯಿಯಲ್ಲಿ ಇತ್ತು ಅದು. ನಾನು ಗುಲಾಬಿ ನೆಟ್ಟಿದ್ದು ಸರಿಯಾಗಿ ಅಲ್ಲೇ.

ಗಾಳಿಯ ಜೊತೆ ಜನ ಹೇಗೆ ಬದುಕಿದ್ದಾರೆ ಅಂತ ಹುಡುಕಿದಾಗ ಎರಡು ತೋಟಗಳ ಕಥೆ ಸಿಕ್ಕಿತು. ಎರಡೂ ದೂರದವು, ನಮ್ಮ ಹವೆಗೂ ಅಲ್ಲಿನ ಹವೆಗೂ ಸಂಬಂಧವಿಲ್ಲ. ಆದರೂ ಹೇಳಬೇಕು. ಒಂದು ಸ್ಕಾಟ್ಲೆಂಡಿನ ವಾಯವ್ಯ ತೀರದ ಇನ್ವರ್‌ಯೂ. 1862ರಲ್ಲಿ ಆಸ್‌ಗುಡ್ ಮೆಕೆಂಜಿ ಅನ್ನುವವರು ಅಲ್ಲಿ ತೋಟ ಶುರು ಮಾಡಿದಾಗ ಅದು ಸಮುದ್ರಕ್ಕೆ ಚಾಚಿಕೊಂಡ ಬೋಳು ಬಂಡೆ ನೆಲ. ಮಣ್ಣನ್ನೂ ಬುಟ್ಟಿಯಲ್ಲಿ ಹೊತ್ತು ತಂದು ಹಾಕಬೇಕಾಗಿತ್ತು. ಅವರು ಹೂಗಿಡಕ್ಕೆ ಆತುರಪಡಲಿಲ್ಲ. ಮೊದಲು ಪೈನ್ ಮರಗಳ ದಟ್ಟ ಪಟ್ಟಿ ನೆಟ್ಟು, ಅವು ಎದ್ದು ನಿಲ್ಲಲಿ ಅಂತ ವರ್ಷಗಟ್ಟಲೆ ಕಾದರು. ಆಸರೆ ಸಿಕ್ಕ ಮೇಲೆ ಆ ಜಾಗದಲ್ಲಿ ಬೆಳೆಯಲು ಸಾಧ್ಯವೇ ಇಲ್ಲ ಅನ್ನುವ, ದೂರ ದೂರದ ದೇಶಗಳ ಗಿಡಗಳೂ ಬೆಳೆದವು. ಇವತ್ತಿಗೂ ಆ ತೋಟ ಇದೆ.

ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ. ಇಂಗ್ಲೆಂಡಿನ ಡಂಜನೆಸ್ ಅನ್ನುವ ಕಡೆ, ಅಣುವಿದ್ಯುತ್ ಸ್ಥಾವರದ ಹತ್ತಿರ, ಬರೀ ಬೆಣಚುಕಲ್ಲು ಹಾಸಿದ ತೀರದಲ್ಲಿ ಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ 1980ರ ದಶಕದಲ್ಲಿ ಒಂದು ಸಣ್ಣ ಮನೆ ಕೊಂಡರು. ಅವರು ಬೇಲಿಯನ್ನೇ ಹಾಕಲಿಲ್ಲ. ಗಾಳಿ ಬರಲಿ ಅಂತ ಬಿಟ್ಟು, ಆ ಕಲ್ಲುಗಳ ನಡುವೆ ತಾನಾಗಿ ಹುಟ್ಟುವ ಕಡಲ ಕೋಸಿನಂಥ ಗಿಡಗಳನ್ನೇ ತೋಟ ಅಂದರು. ಕಡಲು ತಂದು ಹಾಕಿದ ಮರದ ತುಂಡು, ತುಕ್ಕು ಹಿಡಿದ ಕಬ್ಬಿಣ, ತೂತು ಬಿದ್ದ ಕಲ್ಲುಗಳನ್ನು ಆರಿಸಿ ತಂದು ಗಿಡಗಳ ನಡುವೆ ನಿಲ್ಲಿಸಿದರು. ಒಬ್ಬರು ಗಾಳಿಯನ್ನು ಆಚೆ ನಿಲ್ಲಿಸಿದರು, ಒಬ್ಬರು ಒಳಗೆ ಕರೆದರು. ಇಬ್ಬರೂ ಗೆದ್ದರು. ಸೋಲುವುದು ನನ್ನಂಥವರು, ಬೇಲಿಯೂ ಇಲ್ಲದೆ ಡೇಲಿಯಾ ನೆಡುವವರು.

ನಾನು ಎರಡರ ನಡುವೆ ನಿಂತೆ. ಸಮುದ್ರದ ಕಡೆಯ ಮೊದಲ ಕೆಲವು ಮೀಟರ್ ಜಾಗ ನನ್ನದಲ್ಲ, ಸಮುದ್ರದ್ದು ಅಂತ ಬಿಟ್ಟುಕೊಟ್ಟೆ. ಅಲ್ಲಿ ಚೆಂದ ಕೇಳುವುದಿಲ್ಲ, ಹೂ ಕೇಳುವುದಿಲ್ಲ. ಅಲ್ಲಿಂದ ಹಿಂದಕ್ಕೆ ಬಂದಂತೆ ಒಂದೊಂದೇ ಮೆಟ್ಟಿಲು ಎತ್ತರ, ಮನೆ ಹತ್ತಿರ ಬಂದಾಗ ನನ್ನ ಇಷ್ಟದ ಗಿಡಗಳು.

ಆ ಮೊದಲ ಸಾಲಿಗೆ ಏನು ನೆಡಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ತೀರದಲ್ಲಿ ಯಾರೂ ನೀರು ಹಾಕದೆ ಬದುಕಿರುವುದು ಏನು ಅಂತ ಒಂದು ಸಂಜೆ ನಡೆದು ನೋಡಿ ಬನ್ನಿ. ಬಿಸಿ ನಾಡುಗಳ ಮರಳಿನಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ಸಿಗುವುದು ಅಡಂಬು ಬಳ್ಳಿ. ನಸುನೇರಳೆ ಹೂವಿನ, ದಪ್ಪ ಎಲೆಯ ಬಳ್ಳಿ. ಎಲೆಯ ತುದಿ ಎರಡಾಗಿ ಸೀಳಿ ಮೇಕೆಯ ಗೊರಸಿನ ಹಾಗೆ ಕಾಣುತ್ತದೆ. ಸಸ್ಯಶಾಸ್ತ್ರದವರು ಇಟ್ಟ ‘ಪೆಸ್‌ಕ್ಯಾಪ್ರೆ’ ಅನ್ನುವ ಲ್ಯಾಟಿನ್ ಹೆಸರಿಗೂ ಅದೇ ಅರ್ಥ, ಮೇಕೆಪಾದ. ಅದರ ಬೀಜ ಸಮುದ್ರದ ನೀರಿನಲ್ಲಿ ತೇಲಿಕೊಂಡು ಹೋಗಿ ಬೇರೆ ತೀರದಲ್ಲಿ ಮೊಳೆಯುತ್ತದೆ. ಅಂಥದಕ್ಕೆ ನಾವು ಉಪ್ಪಿನ ಪಾಠ ಹೇಳುವುದೇನಿದೆ? ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದು ಕೂರುತ್ತದೆ. ಒಂದು ಮೊಳದ ತುಂಡು ಕತ್ತರಿಸಿ, ಅರ್ಧ ಹೂತರೆ ಸಾಕು.

ಅದರ ಜೊತೆಗಾರ ರಾವಣನ ಮೀಸೆ. ಹೆಸರು ಇಟ್ಟವರಿಗೆ ನಮಸ್ಕಾರ. ಗಟ್ಟಿ, ಚೂಪು ಎಲೆಯ ಹುಲ್ಲು, ಬರಿಗಾಲಲ್ಲಿ ಮೆಟ್ಟಿದರೆ ಹೆಸರು ಮರೆಯುವುದಿಲ್ಲ. ಇದರ ಬೀಜದ ತೆನೆ ಮುಳ್ಳುಚೆಂಡಿನ ಹಾಗೆ ದುಂಡಗೆ ಇರುತ್ತದೆ. ಬಲಿತ ಮೇಲೆ ಕಳಚಿಕೊಂಡು ಗಾಳಿಗೆ ಮರಳಿನ ಮೇಲೆ ಉರುಳುತ್ತಾ ಓಡುತ್ತದೆ, ಹೋಗುತ್ತಾ ಹೋಗುತ್ತಾ ಬೀಜ ಚೆಲ್ಲುತ್ತದೆ. ಒಂದು ಮಧ್ಯಾಹ್ನ ನಮ್ಮ ಗೇಟಿನ ಕೆಳಗೆ ಅಂಥ ಚೆಂಡೊಂದು ನುಸುಳಿ ಒಳಗೆ ಬಂತು. ನಾಯಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು ಬೊಗಳಿತು.

ಒಂದು ಮಾತು. ಮರಳದಿಬ್ಬದ ಮೇಲೆ ಈಗಾಗಲೇ ಇರುವ ಬಳ್ಳಿ ಹುಲ್ಲುಗಳನ್ನು ‘ಕಳೆ’ ಅಂತ ಕೀಳಬೇಡಿ. ಕೆಲವು ಕಡೆ ಅದು ಕಾನೂನಿಗೂ ವಿರುದ್ಧ. ಕಾನೂನು ಇಲ್ಲದಿದ್ದರೂ, ಆ ದಿಬ್ಬ ಹೋದರೆ ನಿಮ್ಮ ತೋಟದ ಮುಂದೆ ಇರುವುದು ಬರೀ ನೀರು.

ಇವೆರಡರ ಹಿಂದೆ ಪೊದೆಗಳು. ಸ್ಕೇವೋಲಾ ಅಂತ ಒಂದಿದೆ, ದಪ್ಪ ಹೊಳಪಿನ ಎಲೆ, ಬಿಳಿ ಹೂ. ಹೂವನ್ನು ಹತ್ತಿರದಿಂದ ನೋಡಿ. ಯಾರೋ ಅರ್ಧ ಹೂ ಹರಿದು ಹಾಕಿದ ಹಾಗೆ ಎಸಳೆಲ್ಲ ಒಂದೇ ಕಡೆ ಇರುತ್ತವೆ. ಗಾಳಿ ಹರಿದು ಹಾಕಿರಬೇಕು ಅಂತ ನಾನು ಮೊದಲ ಸಲ ಇನ್ನೊಂದು ಹೂ ಹುಡುಕಿದೆ, ಎಲ್ಲವೂ ಹಾಗೇ. ಕೇದಗೆಗೂ ಜಾಗ ಇದ್ದರೆ ನೆಡಿ, ಊರುಗೋಲಿನಂಥ ಬೇರು ಬಿಟ್ಟು ಎಂಥ ಗಾಳಿಗೂ ನಿಲ್ಲುತ್ತದೆ. ಆದರೆ ಎಲೆಯ ಅಂಚಿನ ಮುಳ್ಳು ಗರಗಸದ ಹಾಗಿರುತ್ತದೆ, ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ.

ಮರಗಳ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಹೇಳುವುದು ಗಾಳಿಮರ, ಸರ್ವೆ ಅಂತಲೂ ಕರೆಯುತ್ತಾರೆ. ಹೆಸರಲ್ಲೇ ಗಾಳಿ ಇದೆ. ಅದರ ಸೂಜಿಯಂಥದ್ದನ್ನು ಎಲೆ ಅಂದುಕೊಂಡಿರುತ್ತೇವೆ. ಒಂದನ್ನು ಎರಡೂ ತುದಿ ಹಿಡಿದು ಎಳೆದು ನೋಡಿ, ಟಪ್ ಅಂತ ಗೆಣ್ಣಿನಲ್ಲಿ ಬಿಟ್ಟುಕೊಳ್ಳುತ್ತದೆ. ಅದು ಎಲೆಯಲ್ಲ, ಕಡ್ಡಿ. ನಿಜವಾದ ಎಲೆ ಅಂದರೆ ಆ ಗೆಣ್ಣಿನ ಸುತ್ತ ಕಿರೀಟದ ಹಾಗೆ ಇರುವ ಸಣ್ಣ ಸಣ್ಣ ಹಲ್ಲುಗಳು. ಉಪ್ಪು ಕೂರಲು ಜಾಗವೇ ಕಡಿಮೆ. ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಹಿಡಿದು ಕೊಡುವುದರಿಂದ ಬರೀ ಮರಳಿನಲ್ಲೂ ಸರಸರ ಎದ್ದುಬಿಡುತ್ತದೆ. ಇಷ್ಟೆಲ್ಲ ಹೊಗಳಿದರೂ ನಾನು ಎರಡೇ ಎರಡು ನೆಟ್ಟೆ. ಉದುರಿದ ಕಡ್ಡಿ ಚಾಪೆಯ ಹಾಗೆ ಹಾಸಿಕೊಂಡು ಕೆಳಗೆ ಬೇರೇನೂ ಹುಟ್ಟಲು ಬಿಡುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದು ತೀರವನ್ನೆಲ್ಲ ಆಕ್ರಮಿಸಿ ದೊಡ್ಡ ತಲೆನೋವಾಗಿದೆ. ಬೇಗ ಬೆಳೆಯುವುದೆಲ್ಲ ಸ್ನೇಹಿತರಲ್ಲ.

ನನ್ನ ಮೆಚ್ಚಿನ ಮರ ಸುರಹೊನ್ನೆ. ಒಂದೇ ಹೆಸರಿನಲ್ಲಿ ಬೇರೆ ಮರಗಳೂ ಇರುವುದರಿಂದ ನರ್ಸರಿಯಲ್ಲಿ ಕ್ಯಾಲೊಫಿಲಮ್ ಇನೊಫಿಲಮ್ ಅಂತ ಕೇಳಿ. ಕ್ಯಾಲೊಫಿಲಮ್ ಅಂದರೆ ಗ್ರೀಕಿನಲ್ಲಿ ಚೆಂದದ ಎಲೆ. ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರದಿಂದ ಅಂಚಿನವರೆಗೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಒತ್ತೊತ್ತಾಗಿ ಗೆರೆಗಳು. ಮೇಲೆ ಮೇಣದ ಹೊಳಪು. ಉಪ್ಪುನೀರು ಬಿದ್ದರೆ ಮಣಿಯಾಗಿ ಜಾರಿಹೋಗುತ್ತದೆ. ಇದು ನಿಧಾನದ ಮರ, ಮೊದಲ ಎರಡು ವರ್ಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಬಿಡಿ, ಕೆಳಗೆ ಬೇರು ಇಳಿಯುತ್ತಿರುತ್ತದೆ. ಇದರ ಪಕ್ಕಕ್ಕೆ ಹೂವರಸಿ. ಹಳದಿ ಹೂ ಸಂಜೆಯ ಹೊತ್ತಿಗೆ ಕೆಂಪು ತಿರುಗುತ್ತದೆ. ಕಡ್ಡಿ ಊರಿದರೂ ಬರುತ್ತದೆ, ಸಂದಿ ಮುಚ್ಚಲು ಅನುಕೂಲ.

ನೆಡುವಾಗ ನಾನು ಮಾಡಿದ ಇನ್ನೊಂದು ಪೆದ್ದುತನ ಅಂದರೆ ಆಳೆತ್ತರದ ಸಸಿ ತಂದದ್ದು. ಬೇಗ ಬೇಲಿ ಆಗಲಿ ಅನ್ನುವ ಆಸೆ. ಕುಂಡದಲ್ಲಿ ಬೆಳೆದ ಉದ್ದದ ಗಿಡಕ್ಕೆ ಬೇರು ಅಷ್ಟಕ್ಕಷ್ಟೇ, ಹಾಯಿ ಮಾತ್ರ ದೊಡ್ಡದು. ಗಾಳಿ ಬಂದು ಅಲ್ಲಾಡಿಸಿದಂತೆಲ್ಲ ಬುಡದಲ್ಲಿ ಗುಳಿ ಬಿದ್ದು, ಹೊಸ ಬೇರು ಹರಿದು, ಕೊನೆಗೆ ಒರಗಿದವು. ಪಕ್ಕದಲ್ಲೇ ನೆಟ್ಟ ಗೇಣುದ್ದದ ಸಸಿಗಳು ಮೂರನೇ ವರ್ಷಕ್ಕೆ ಅವನ್ನು ದಾಟಿದವು. ಸಣ್ಣದನ್ನೇ ನೆಡಿ, ಹತ್ತಿರ ಹತ್ತಿರ ನೆಡಿ. ಗೂಟ ಕೊಡಲೇಬೇಕಾದರೆ ಕಾಂಡದ ಕೆಳಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಸಡಿಲವಾಗಿ ಕಟ್ಟಿ. ಮೇಲಿನ ಭಾಗ ಅಲ್ಲಾಡಬೇಕು. ಅಲ್ಲಾಡಿದರೇ ಕಾಂಡ ದಪ್ಪವಾಗುವುದು. ಬಿಗಿಯಾಗಿ ಕಟ್ಟಿ ಸಾಕಿದ ಮರ ಕಟ್ಟು ಬಿಚ್ಚಿದ ದಿನ ಬಾಗುತ್ತದೆ. ಮೊದಲ ಎರಡು ವರ್ಷ ಸಸಿಗಳ ಮುಂದೆ ಅರ್ಧ ಗಾಳಿ ಬಿಡುವ ನೆರಳುಬಲೆ ಕಟ್ಟಿದ್ದೆ. ಬಲೆ ಹರಿಯುವ ಹೊತ್ತಿಗೆ ಗಿಡಗಳೇ ಬಲೆಯಾಗಿದ್ದವು.

ಇವುಗಳ ಹಿಂದಿನ ಬಣ್ಣದ ಸಾಲಿಗೆ ಕಣಗಿಲೆ, ಕಾಗದದ ಹೂ, ದೇವಕಣಗಿಲೆ. ಕಣಗಿಲೆಗೆ ಉಪ್ಪು, ಬಿಸಿಲು, ಬರ ಯಾವುದೂ ಲೆಕ್ಕಕ್ಕಿಲ್ಲ. ಆದರೆ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ನನ್ನ ಹಾಗೆ ಎಲೆ ನೆಕ್ಕಿ ನೋಡುವ ಚಾಳಿ ಇದ್ದರೆ ಇದರ ತಂಟೆ ಬೇಡ. ಮೇಯುವ ದನ, ಮೇಕೆ, ಸಣ್ಣ ಮಕ್ಕಳು ಇರುವ ಕಡೆಯೂ ಬೇಡ. ನೆಲಮಟ್ಟಕ್ಕೆ ನಿತ್ಯಪುಷ್ಪ, ಗೇಲಾರ್ಡಿಯಾ, ಭೂತಾಳೆ, ಲೋಳೆಸರ. ಇಳಿಜಾರಿನಲ್ಲಿ ಮಣ್ಣು ಜಾರುತ್ತಿದ್ದರೆ ಲಾವಂಚದ ಒಂದು ಸಾಲು.

ಚಳಿ ದೇಶದಲ್ಲಿರುವವರು ಈ ಪಟ್ಟಿ ನೋಡಿ ಬೇಸರ ಮಾಡಿಕೊಳ್ಳಬೇಡಿ. ಟ್ಯಾಮರಿಕ್ಸ್, ಎಸ್ಕಲೋನಿಯಾ, ರೋಸ್ಮರಿ, ಸೀ ಹಾಲಿ ಎಲ್ಲ ನಿಮ್ಮವು. ಗುಲಾಬಿಯಲ್ಲೂ ರೋಸಾ ರುಗೋಸಾ ಅನ್ನುವುದು ಈಶಾನ್ಯ ಏಷ್ಯಾದ ಕಡಲತೀರದ್ದೇ, ಉಪ್ಪಿಗೆ ಜಗ್ಗುವುದಿಲ್ಲ. ಆದರೆ ಅದೂ ಯುರೋಪಿನ ಉತ್ತರದ ಮರಳದಿಬ್ಬಗಳನ್ನು ಆಕ್ರಮಿಸುತ್ತಿದೆ, ನಿಮ್ಮ ಕಡೆ ನೆಡಬಹುದೇ ಅಂತ ಮೊದಲು ವಿಚಾರಿಸಿ.

ಹೆಸರು ನೆನಪಿರದಿದ್ದರೂ ಎಲೆ ನೋಡಿ ಗುರುತು ಹಿಡಿಯಬಹುದು. ಉಪ್ಪು ತಡೆಯುವ ಎಲೆ ಒಂದೋ ಮೇಣ ಸವರಿದ ಹಾಗೆ ಹೊಳೆಯುತ್ತದೆ, ಇಲ್ಲವೇ ಬೂದಿ ಬಣ್ಣದ ನವಿರು ಕೂದಲು ಹೊದ್ದಿರುತ್ತದೆ, ಇಲ್ಲವೇ ನೀರು ತುಂಬಿಕೊಂಡು ದಪ್ಪಗಿರುತ್ತದೆ, ಇಲ್ಲವೇ ಸೂಜಿಯಷ್ಟು ಸಣ್ಣದು. ಟ್ಯಾಮರಿಕ್ಸ್, ಕೆಲವು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಇನ್ನೂ ಜಾಣ, ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಗೇ ಹಾಕುತ್ತವೆ. ತೆಳ್ಳಗೆ, ಅಗಲಕ್ಕೆ, ಮೃದುವಾಗಿ ಇರುವ ಎಲೆ ಅಂದರೆ ಮನೆ ಹಿಂದಕ್ಕೆ.

ಮಣ್ಣು, ನೀರಿನ ಬಗ್ಗೆ ಸ್ವಲ್ಪ. ಮರಳುಮಣ್ಣಿನ ದೊಡ್ಡ ಗುಣ ಏನೆಂದರೆ ಅದರಲ್ಲಿ ಉಪ್ಪು ನಿಲ್ಲುವುದಿಲ್ಲ, ಸಿಹಿನೀರು ಚೆನ್ನಾಗಿ ಹಾಯಿಸಿದರೆ ತೊಳೆದು ಕೆಳಗೆ ಹೋಗುತ್ತದೆ. ದೊಡ್ಡ ದೋಷ ಏನೆಂದರೆ ನೀರೂ ಗೊಬ್ಬರವೂ ನಿಲ್ಲುವುದಿಲ್ಲ. ಹಾಗಾಗಿ ಕೊಳೆತ ಗೊಬ್ಬರ ಧಾರಾಳವಾಗಿ ಹಾಕಿ, ಮೇಲೆ ಒಂದು ಗೇಣು ಒಣ ಎಲೆಯ ಹೊದಿಕೆ ಹಾಕಿ. ಹೊದಿಕೆ ಇಲ್ಲದಿದ್ದರೆ ಬಿಸಿಲಿಗೆ ನೀರು ಆರುತ್ತಾ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ, ಬಿಳಿ ಪುಡಿಯ ಹಾಗೆ ಕಾಣುತ್ತದೆ. ಹೊದಿಕೆಯ ಮೇಲೆ ಅಡ್ಡಕ್ಕೆ ನಾಲ್ಕು ಕೊಂಬೆ ಇಡುವುದು ಮರೆಯಬೇಡಿ. ಇಲ್ಲದಿದ್ದರೆ ಮೊದಲ ಗಾಳಿಗೆ ಎಲ್ಲ ಪಕ್ಕದ ಮನೆಗೆ. ಜೇಡಿಮಣ್ಣಿಗೆ ಕಡಲ ನೀರು ನುಗ್ಗಿದರೆ ಕಷ್ಟ ಬೇರೆ ಥರ. ಸೋಡಿಯಂ ಸೇರಿ ಮಣ್ಣು ಅಂಟಂಟಾಗಿ, ಒಣಗಿದರೆ ಕಲ್ಲಾಗುತ್ತದೆ, ನೀರು ಇಂಗುವುದೇ ಇಲ್ಲ. ಅಲ್ಲಿ ಜಿಪ್ಸಮ್ ಹಾಕಿ, ಆಮೇಲೆ ಸಿಹಿನೀರು ಹಾಯಿಸಬೇಕು. ಜಿಪ್ಸಮ್‌ನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ.

ಮೋಸ ಹೋಗಿದ್ದು ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ಸಿಪ್ಪೆಯ ಪುಡಿಯಲ್ಲಿ. ಮರಳು ನೀರು ಹಿಡಿಯಲಿ ಅಂತ ಎರಡು ಮೂಟೆ ತಂದು ಕುಂಡಗಳಿಗೆಲ್ಲ ಬೆರೆಸಿದೆ. ಗಾಳಿಯೇ ತಾಗದ ಜಾಗದಲ್ಲಿದ್ದ ಕುಂಡದ ಗಿಡಗಳ ತುದಿ ಸುಡತೊಡಗಿತು! ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಸಿ ನಾರು ತೆಗೆದಿದ್ದರೆ ಆ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ತೊಳೆದು ಬಳಸಬೇಕು. ಸಮುದ್ರದಿಂದ ಕಾಪಾಡಿದ ಗಿಡಗಳಿಗೆ ಉಪ್ಪನ್ನು ಚೀಲದಲ್ಲಿ ಹೊತ್ತು ತಂದು ಕೊಟ್ಟಿದ್ದೆ. ಈಗ ಬಕೆಟ್‌ನಲ್ಲಿ ಮೂರು ಸಲ ನೀರು ಬದಲಿಸಿ ತೊಳೆಯುತ್ತೇನೆ. ಬಾವಿಯ ನೀರು ಬೇಸಿಗೆ ಕೊನೆಗೆ ಸವಳಾದರೆ ಅದನ್ನು ಎಲೆಯ ಮೇಲೆ ಯಾವತ್ತೂ ಚಿಮುಕಿಸಬೇಡಿ. ಬುಡಕ್ಕೆ ಮಾತ್ರ, ಅದೂ ದಿನಾ ಚೂರು ಚೂರು ಅಲ್ಲ, ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಷ್ಟು.

ವಿನ್ಯಾಸದ ಬಗ್ಗೆ ಎರಡೇ ಮಾತು ಹೇಳಬೇಕು, ಯಾಕೆಂದರೆ ಅವೆರಡನ್ನು ತಿಳಿಯಲು ಹೆಚ್ಚು ಸಮಯ ಹಿಡಿಯಿತು. ಮನೆ ಬಾಗಿಲಿನಿಂದ ಸಮುದ್ರಕ್ಕೆ ನೇರ ದಾರಿ ಮಾಡಬೇಡಿ. ನೋಡಲು ಚೆಂದ, ಆದರೆ ಅದು ಗಾಳಿಗೆ ಹೆದ್ದಾರಿ. ದಾರಿ ಒಂದು ಕಡೆ ತಿರುಗಲಿ, ತಿರುವಿನಲ್ಲಿ ಒಂದು ಪೊದೆ ನಿಲ್ಲಲಿ. ಇನ್ನೊಂದು, ಸಮುದ್ರ ಪೂರ್ತಿ ಕಾಣಬೇಕು ಅನ್ನುವ ಹಟ ಬಿಡಿ. ಎಲ್ಲರಿಗೂ ಆ ಆಸೆ ಇರುತ್ತದೆ, ನನಗೂ ಇತ್ತು. ಪೊದೆಗಳು ತಲೆಗಿಂತ ಎತ್ತರ ಬಂದ ಮೇಲೆ, ನಾನು ಕೂರುವ ಬೆಂಚಿನ ನೇರಕ್ಕೆ ಸ್ಕೇವೋಲಾದ ನಡುವೆ ಒಂದು ಕಿಟಕಿಯಷ್ಟು ಸವರಿದ್ದೇನೆ. ಕೂತರೆ ಮಾತ್ರ ಸಮುದ್ರ ಕಾಣುತ್ತದೆ, ನಿಂತರೆ ಎಲೆ. ಮೊದಲು ಇಡೀ ಸಮುದ್ರ ಕಾಣುತ್ತಿದ್ದಾಗ ಗಾಳಿಗೆ ಐದು ನಿಮಿಷ ಕೂರಲು ಆಗುತ್ತಿರಲಿಲ್ಲ, ಈಗ ಆ ಒಂದು ತುಂಡು ನೋಡುತ್ತಾ ಗಂಟೆಗಟ್ಟಲೆ ಕೂರುತ್ತೇನೆ. ಬೆಂಚು ಮರದ್ದು, ಮೊಳೆಗಳು ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ ಉಪ್ಪುಗಾಳಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯವು. ಮಾಮೂಲಿ ಮೊಳೆಯ ಬೆಂಚು ಮೊದಲು ಇತ್ತು, ಒಂದು ದಿನ ನನ್ನ ತಂಗಿ ಕೂತಾಗ ಸೀದಾ ನೆಲಕ್ಕೆ ಬಂತು.

ಐದು ವರ್ಷದ ಸುರಹೊನ್ನೆ ಸಾಲು ಈಗ ಭುಜದೆತ್ತರ ಇದೆ. ಸಮುದ್ರದ ಕಡೆಯ ಚಿಗುರೆಲ್ಲ ಉಪ್ಪಿಗೆ ಕಮರಿ, ಹಿಂದಿನ ಚಿಗುರು ಮಾತ್ರ ಏಳುವುದರಿಂದ, ಸಾಲಿನ ತಲೆ ಯಾರೋ ಕತ್ತಿ ಹಿಡಿದು ಓರೆಯಾಗಿ ಸವರಿದ ಹಾಗೆ ಮನೆ ಕಡೆಗೆ ಏರುತ್ತಾ ಬಂದಿದೆ. ನಾನು ಕತ್ತರಿ ಮುಟ್ಟಿಲ್ಲ. ಆ ದಾಸವಾಳವನ್ನು ಕಿತ್ತು ಮನೆಯ ಹಿಂದೆ ನೆಟ್ಟಿದ್ದೆ. ಬದುಕಿದೆ, ಒಂದು ಮಗ್ಗುಲು ಮಾತ್ರ ಇನ್ನೂ ಸ್ವಲ್ಪ ಬಡಕಲು.

ಹನ್ನೆರಡು ಕೋಲುಗಳಲ್ಲಿ ಹನ್ನೊಂದರ ಬಟ್ಟೆ ಈಗ ಮಧ್ಯಾಹ್ನವೂ ಸುಮ್ಮನೆ ಜೋತುಬಿದ್ದಿರುತ್ತದೆ. ಏಳನೆಯದು ಹೋದ ವಾರ ಮತ್ತೆ ಹರಿಯಿತು. ಹೋಗಿ ನೋಡಿದರೆ ಅದರ ನೇರಕ್ಕೆ ಬೇಲಿಯಲ್ಲಿ ಒಂದು ಹೂವರಸಿ ಸತ್ತು ಸಂದಿ ಬಿದ್ದಿದೆ. ಮೂರು ಕಡ್ಡಿ ಕತ್ತರಿಸಿ ನೀರಲ್ಲಿ ಇಟ್ಟಿದ್ದೇನೆ, ಮೊದಲ ಮಳೆ ಬಿದ್ದ ಕೂಡಲೇ ಅಲ್ಲಿ ಊರಬೇಕು.